ಕೆನಡಾ ಮೇಡಮ್ಮಿಗೊಂದು ಅರ್ಜಿ

ಒಗ್ಗಾಣಿಯ ಮೇಲೆ ಪುಟಾಣಿ ಹಿಟ್ಟು ಉದುರಿಸಿಕೊಂಡು ಇನ್ನೇನು ಮೊದಲ ತುತ್ತು ಬಾಯಿಗಿಡಬೇಕು, ಅಷ್ಟರಲ್ಲಿ ರಾಮಾಂಜಿನಿಯ ಫೋನು ಟಿಣ್ ಅಂತು. ಬ್ಯಾಂಕಿನ ಮೆಸೇಜು. ಕೆನಡಾದಿಂದ ಏಳುನೂರು ಡಾಲರ್ ಬಂದಿದೆ ಅನ್ನುವುದು ಮೊದಲ ಸಾಲು. ಓದಿದ ಕೂಡಲೇ ಅವನ ಎದೆ ಹೊಸ ಜೀನ್ಸ್ ಪ್ಯಾಂಟಿನ ಹಾಗೆ ಬಿಗಿಯಾಯಿತು. ಎರಡನೇ ಸಾಲಿಗೆ ಹೊಲಿಗೆ ಬಿಚ್ಚಿತು. ಹಣ ಯಾತಕ್ಕೆ ಬಂತು ಅನ್ನುವ ಕಾಗದ ಇವತ್ತು ಸಂಜೆ ನಾಲ್ಕರೊಳಗೆ ಬಳ್ಳಾರಿಯ ಗಾಂಧಿನಗರ ಶಾಖೆಗೆ ಮುಟ್ಟದಿದ್ದರೆ, ಬಂದ ಹಣ ಬಂದ ದಾರಿಯಲ್ಲೇ ವಾಪಸು.

ಹದಿನೈದು ದಿನದಿಂದ ಬಂದು ಕೂತಿದ್ದ ದುಡ್ಡಿನ ಸುದ್ದಿಯನ್ನು ಕೊನೇ ದಿನ ಬೆಳಿಗ್ಗೆ ಹೇಳುವ ಬುದ್ಧಿಗೆ ಏನನ್ನಬೇಕು? ಮದುವೆ ಊಟ ಮುಗಿದು ಎಲೆ ಎತ್ತಿದ ಮೇಲೆ ಲಗ್ನಪತ್ರಿಕೆ ಕೊಟ್ಟ ಹಾಗೆ. ರಾಮಾಂಜಿನಿ ತಟ್ಟೆಯನ್ನು ಕುಕ್ಕಿ ಎದ್ದು ನಿಂತ.

"ಯಾಕಲೇ, ಉಪ್ಪು ಹೆಚ್ಚಾತೇನು?" ಅಂದಳು ಅವ್ವ ಹಂಪಕ್ಕ, ಒಲೆ ಮುಂದೆ ಸೇಂಗಾ ಹುರಿಯುತ್ತಾ.

"ಡಾಲರ್ ಬಂದಾವಬೇ. ಬಂದು ಹೊಂಟ್ ನಿಂತಾವ."

ರಾಮಾಂಜಿನಿ ಒಂಬತ್ತನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದವನು. ಬ್ರೂಸ್‌ಪೇಟೆಯ ಒಂದು ಜೀನ್ಸ್ ಗೋಡೌನಿನಲ್ಲಿ ಪ್ಯಾಂಟಿನ ದಾರ ಕತ್ತರಿಸುವ ಕೆಲಸಕ್ಕೆ ಸೇರಿ, ಪಕ್ಕದಲ್ಲೇ ಗಡಗಡ ಅನ್ನುತ್ತಿದ್ದ ಕಂಪ್ಯೂಟರ್ ಕಸೂತಿ ಮಿಷನ್ನಿನ ಮೇಲೆ ಕಣ್ಣು ನೆಟ್ಟು, ಮಾಲೀಕ ಊಟಕ್ಕೆ ಹೋದಾಗೆಲ್ಲ ಅದನ್ನು ಮುಟ್ಟಿ ಬೈಸಿಕೊಂಡು ಕಲಿತವನು. ಈಗ ಕುರುಗೋಡಿನ ತನ್ನ ಮನೆಯ ಮೂಲೆಯಲ್ಲೇ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಾನೆ. ಯಾರಾದರೂ ಒಂದು ಚಿತ್ರ ಕಳಿಸಿದರೆ, ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ದಾರ ಯಾವ ಕಡೆ ತಿರುಗಬೇಕು ಅಂತ ಮಿಷನ್ನಿಗೆ ದಾರಿ ಬರೆದು ಕಳಿಸುತ್ತಾನೆ. ಕೆನಡಾದ ಒಂದು ಮೀನುಗಾರರ ಊರಿನಲ್ಲಿ ಟೋಪಿ ಅಂಗಡಿ ಇಟ್ಟಿರುವ ಮಾರ್ಥಾ ಅನ್ನುವ ಮೇಡಮ್ಮು ಮೂರು ತಿಂಗಳಿಂದ ಇವನ ಗಿರಾಕಿ. ಕರಡಿ, ಮೀನು, ದೋಣಿ, ಮತ್ತೆ ಕರಡಿ. ಇಬ್ಬರ ನಡುವಿನ ಭಾಷೆ ಇಷ್ಟೇ. ಆಕೆ "ಕರಡಿ ಆಯ್ತಾ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಇವನು "ಕರಡಿ ಓಕೆ ಮೇಡಂ" ಅನ್ನುತ್ತಾನೆ. ಇಷ್ಟರಲ್ಲೇ ಮೂವತ್ತೆಂಟು ಟೋಪಿ ಮುಗಿದಿದ್ದವು.

ಈ ಏಳುನೂರು ಡಾಲರಿನ ಮೇಲೆ ಅವನ ಜೀವ ನಿಂತಿತ್ತು. ಬ್ರೂಸ್‌ಪೇಟೆಯ ಕೊಟ್ಟೂರಪ್ಪ ತನ್ನ ಹಳೇ ಕಸೂತಿ ಮಿಷನ್ ಮಾರುತ್ತಿದ್ದ. ನಲವತ್ತು ಸಾವಿರ ಮುಂಗಡ, ಉಳಿದದ್ದು ಕಂತು. ಇವತ್ತು ಸಂಜೆ ಆರರ ತನಕ ಮಾತ್ರ ಕಾಯುತ್ತೇನೆ, ಆಮೇಲೆ ರಾಯದುರ್ಗದ ಪಾರ್ಟಿ ಲಾರಿ ತರುತ್ತೆ ಅಂದಿದ್ದ. ಮಿಷನ್ ಬಂದರೆ ರಾಮಾಂಜಿನಿ ಬರೇ ದಾರಿ ಬರೆಯುವವನಲ್ಲ, ಟೋಪಿಯ ಮೇಲೆ ಕರಡಿಯನ್ನೇ ಕೂರಿಸುವ ಮಾಲೀಕ.

ಅವನು ಅಂಗಿ ತೊಟ್ಟು ಬಾಗಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ಮರಿಬಸಪ್ಪ ಮೊಪೆಡ್ ಚಾಲೂ ಮಾಡಿಕೊಂಡು ನಿಂತಿದ್ದ. ಮರಿಬಸಪ್ಪ ಕರೆಂಟ್ ಮೀಟರ್ ಓದುವ ಕೆಲಸದಿಂದ ನಿವೃತ್ತನಾದವನು. ಮೂವತ್ತು ವರ್ಷ ಮಂದಿಯ ಮನೆಯೊಳಗೆ ಇಣುಕಿ ಅಭ್ಯಾಸವಾಗಿ, ಈಗ ಮೀಟರ್ ಇಲ್ಲದಿದ್ದರೂ ಇಣುಕುತ್ತಿದ್ದ.

"ಡಾಲರ್ ಬಂದಾವಂತಲ್ಲೋ ಅಳಿಯ. ಹತ್ತು."

"ನಿನಗ ಯಾರ್ ಹೇಳಿದ್ರು ಮಾವ?"

"ನಿಮ್ಮವ್ವ ಈಗ ಕಟ್ಟಿ ಮ್ಯಾಲ ನಿಂತು ಗಿರಿಜಾಬಾಯಿಗೆ ಹೇಳಿದ್ಲು. ಗಿರಿಜಾಬಾಯಿ ನೀರಿನ ನಳದ ಹತ್ರ ಹೇಳಿದ್ಲು. ನಾ ಅದೀನಿ, ಹತ್ತು. ಬ್ಯಾಂಕಿನ ವ್ಯವಹಾರ ಹುಡುಗ್ರು ಒಬ್ಬೊಬ್ರ ಮಾಡಬಾರ್ದು."

ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ. ರಾಮಾಂಜಿನಿ ಹಲ್ಲು ಕಚ್ಚಿ ಹಿಂದೆ ಹತ್ತಿದ.

ಗಾಂಧಿನಗರದ ಶಾಖೆ ಹತ್ತೂವರೆಗೇ ಸಂತೆಯಾಗಿತ್ತು. ವಿದೇಶದ ಹಣದ ಮೇಜಿನಲ್ಲಿ ತನ್ಮಯಿ ಅನ್ನುವ ಅಧಿಕಾರಿಣಿ ಕೂತಿದ್ದಳು. ಪಾರ್ವತಿನಗರದ ಹುಡುಗಿ, ವಯಸ್ಸಿನಲ್ಲಿ ಇವನಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ನಿಯಮದ ವಿಷಯದಲ್ಲಿ ಮಾತ್ರ ಆಕೆಗೆ ಎಂಬತ್ತು ವರ್ಷ.

"ಏನ್ ಕೆಲಸ ಮಾಡಿದ್ದಕ್ಕ ಈ ಹಣ ಬಂದದ ರೀ?"

"ಕರಡಿ ಮಾಡಿದ್ದಕ್ರಿ ಮೇಡಂ."

ತನ್ಮಯಿ ಕನ್ನಡಕ ಸರಿಮಾಡಿಕೊಂಡಳು. "ಏನಂದ್ರಿ?"

"ಕರಡಿರಿ. ಹದಿನಾಕು ಕರಡಿ, ಹನ್ನೊಂದು ಮೀನ, ಹದಿಮೂರು ದೋಣಿ."

ಹಿಂದೆ ಸಾಲಿನಲ್ಲಿ ನಿಂತಿದ್ದವರು ಒಂದು ಹೆಜ್ಜೆ ಮುಂದೆ ಬಂದರು. ಪಾಸ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಒಬ್ಬ ದೊಡ್ಡ ಮನುಷ್ಯ, "ಕರಡಿ ಅಂದ್ರ ಅರಣ್ಯ ಇಲಾಖಿ ಪರ್ಮಿಷನ್ ಬೇಕಾಕ್ಕೈತಲ್ರಿ, ದರೋಜಿ ಕರಡಿಧಾಮದ್ದೋ ಏನೋ" ಅಂದ. ಬಾಗಿಲಲ್ಲಿದ್ದ ಬಂದೂಕಿನವನು ಬಂದೂಕನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ.

ರಾಮಾಂಜಿನಿ ಫೋನು ತೆಗೆದು ಟೋಪಿಯ ಚಿತ್ರ ತೋರಿಸಿದ. ಸೂಜಿ, ದಾರ, ದಾರಿ ಎಲ್ಲ ವಿವರಿಸಿದ. ತನ್ಮಯಿ ಸಹನೆಯಿಂದ ಕೇಳಿ, ಹಾಸಿಗೆಯಷ್ಟು ಉದ್ದದ ಒಂದು ಪಟ್ಟಿ ಬಿಚ್ಚಿದಳು. ಹೊರದೇಶದ ಪ್ರತಿ ರೂಪಾಯಿಗೂ ಅದರಲ್ಲಿ ಒಂದು ಸಂಖ್ಯೆ ಇತ್ತು. ಹಡಗಿನ ಬಾಡಿಗೆಗೆ ಒಂದು, ವಿಮೆಗೆ ಒಂದು, ಪ್ರವಾಸಕ್ಕೆ ಒಂದು, ನಾಟಕದವರಿಗೂ ಒಂದು. ಬೆರಳು ಮೇಲಿಂದ ಕೆಳಗಿಳಿಯಿತು, ಕೆಳಗಿಂದ ಮೇಲೆ ಹತ್ತಿತು.

"ನಿಮ್ಮದು ಎಲ್ಲಿ ಕೂಡತದ ಅಂತ ನಾನs ನಿರ್ಧಾರ ಮಾಡಲಿಕ್ಕೆ ಬರೂದಿಲ್ಲ. ಕಳಿಸಿದವ್ರು ಒಂದು ಪತ್ರ ಕೊಡಬೇಕು. ಈ ಹಣ ಇಂಥಾದ್ದಕ್ಕ ಕಳಿಸೀನಿ ಅಂತ, ಸಹಿ ಮಾಡಿ. ಅವರು ಏನ್ ಬರೀತಾರ, ಅದs ಸಂಖ್ಯೆ ಹಾಕತೀನಿ."

"ಇಷ್ಟs ಏನ್ರಿ?"

"ಇನ್ನೊಂದದ. ನಿಮ್ಮ ಖಾತೆ ಸಿರುಗುಪ್ಪ ಶಾಖೆದು. ಗುರುತಿನ ದಾಖಲೆ ಹಳೇದಾಗ್ಯಾವ. ಅಲ್ಲಿ ಹೋಗಿ ಬೆರಳು ಕೊಟ್ಟು ಬರ್ರಿ. ಎರಡೂ ನಾಲ್ಕರೊಳಗ ಆಗಬೇಕು."

ಒಂದು ಕಾಲದಲ್ಲಿ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಎರಡು ತಿಂಗಳು ಮೂಟೆ ಲೆಕ್ಕ ಬರೆಯಲು ಹೋದಾಗ ಅಲ್ಲಿ ಖಾತೆ ತೆಗೆಸಿದ್ದ. ಆ ಎರಡು ತಿಂಗಳಿಗೆ ಈಗ ಐವತ್ತೈದು ಕಿಲೋಮೀಟರು ದಂಡ.

"ಬೆರಳು ಇಲ್ಲೇ ಕೊಡ್ತೀನಲ್ರಿ ಮೇಡಂ. ಹತ್ತೂ ಅದಾವ."

"ಖಾತೆ ಎಲ್ಲಿರ್ತದ, ಬೆರಳು ಅಲ್ಲೇ ಕೊಡಬೇಕು ರೀ."

ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದ ಹಣಕ್ಕೆ ಸಿರುಗುಪ್ಪದಿಂದ ಬಳ್ಳಾರಿಗೆ ಬರಲಾಗದ ಬೆರಳು ಅಡ್ಡ ನಿಂತಿತ್ತು. ರಾಮಾಂಜಿನಿಯ ಬಾಯಿಗೆ ಬಂದದ್ದು ಬ್ಯಾಂಕಿನೊಳಗೆ ಆಡುವ ಮಾತಲ್ಲ. ಮರಿಬಸಪ್ಪ ಅವನ ತೋಳು ಹಿಡಿದು ಹೊರಗೆ ಎಳೆದ.

ಸಿರುಗುಪ್ಪ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಅಲ್ಲಿನ ಗುಮಾಸ್ತ ಗಾಳೆಪ್ಪ ಬುತ್ತಿ ಬಿಚ್ಚುವ ಸನ್ನಾಹದಲ್ಲಿದ್ದ. ಇವರಿಬ್ಬರ ಧೂಳು ಹಿಡಿದ ಮುಖ ನೋಡಿ ಕನಿಕರದಿಂದ ಬೆರಳಿನ ಯಂತ್ರ ಮುಂದೆ ತಳ್ಳಿದ. ರಾಮಾಂಜಿನಿ ಹೆಬ್ಬೆರಳು ಒತ್ತಿದ. ಯಂತ್ರ ಕೆಂಪು ದೀಪ ತೋರಿಸಿತು. ಮತ್ತೆ ಒತ್ತಿದ. ಮತ್ತೆ ಕೆಂಪು. ವರ್ಷಗಟ್ಟಲೆ ಒರಟು ಜೀನ್ಸ್ ತಿಕ್ಕಿದ ಬೆರಳಿನಲ್ಲಿ ಗೆರೆಗಳೇ ಸವೆದು ಹೋಗಿದ್ದವು. ಹಳೇ ಎಂಟಾಣೆಯ ಹಾಗೆ ನುಣ್ಣಗೆ.

"ಎಣ್ಣಿ ಹಚ್ಚು" ಅಂದ ಮರಿಬಸಪ್ಪ.

"ಎಣ್ಣಿ ಹಚ್ಚಿದ್ರ ಜಾರ್ತೈತ್ರಿ. ಒಣಗಿಸಿ ಒತ್ತಬೇಕು" ಅಂದ ಗಾಳೆಪ್ಪ.

"ಉಗುರ ಕಡೆಯಿಂದ ನೋಡ್ರಿ" ಅಂದ ಚಲನ್ ತುಂಬುತ್ತಿದ್ದ ಇನ್ನೊಬ್ಬ.

ಬೆರಳನ್ನು ತೊಳೆದರು, ಒರೆಸಿದರು, ಊದಿದರು. ಗಾಳೆಪ್ಪ ತನ್ನ ಬುತ್ತಿಯ ಬಟ್ಟೆಯನ್ನೇ ಕೊಟ್ಟ. ಹೆಬ್ಬೆರಳು ಮುಗಿಯಿತು, ತೋರುಬೆರಳು ಮುಗಿಯಿತು, ಉಂಗುರದ ಬೆರಳು ಮುಗಿಯಿತು. ಕೊನೆಗೆ ಎಡಗೈಯ ಕಿರುಬೆರಳು ಒತ್ತಿದಾಗ ಹಸಿರು ದೀಪ ಹತ್ತಿತು. ಯಾವ ಕೆಲಸವನ್ನೂ ಮಾಡದೆ ಇಷ್ಟು ವರ್ಷ ಸುಮ್ಮನೆ ಕೂತಿದ್ದ ಬೆರಳು ಅದು. ಅದಕ್ಕೇ ಬ್ಯಾಂಕು ಅದನ್ನು ನಂಬಿತು ಅಂದುಕೊಂಡ ರಾಮಾಂಜಿನಿ.

ಹೊರಗೆ ಬಂದಾಗ ಒಂದೂ ಇಪ್ಪತ್ತು. ಉಳಿದಿದ್ದು ಮಾರ್ಥಾ ಮೇಡಮ್ಮಿನ ಪತ್ರ.

"ಒಂದ್ ಸಾಲು ಬರದ್ರ ಸಾಕು ಮಾವ. 'ಮೇಡಂ, ಬ್ಯಾಂಕ್ ಕೇಳತಾರ, ಟೋಪಿ ಕೆಲಸದ ಕೂಲಿ ಅಂತ ಲೆಟರ್ ಕೊಡ್ರಿ' ಅಂತ. ಫೋನೇ ಇಂಗ್ಲಿಷ್ ಮಾಡ್ತೈತಿ."

ಮರಿಬಸಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಂದು ಸಾಲು. ಲೇ, ನಮ್ಮ ಬೀದಿಗೆ ಒಂದು ಲೈಟಿನ ಕಂಬ ಹಾಕಸಾಕ ಎಷ್ಟು ಸಾಲು ಬರದೀವಿ ಗೊತ್ತೇನು? ಮೂರು ಹಾಳಿ. ನೀ ಒಂದು ದೇಶದ ಹೆಣ್ಮಗಳಿಗೆ ಒಂದು ಸಾಲು ಬರದು ಸಹಿ ಕೇಳ್ತಿ. ನಡಿ, ತಾಲ್ಲೂಕಾಫೀಸ್ ಮುಂದ ಕೆಂಚಣ್ಣ ಅದಾನ."

ಕೆಂಚಣ್ಣ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಕೊಡೆ ಇಟ್ಟುಕೊಂಡು ಮೂವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದ. ಅವನ ಅರ್ಜಿ ಓದಿ ಕಣ್ಣೊರೆಸಿಕೊಳ್ಳದ ತಹಸೀಲ್ದಾರರು ಸಿರುಗುಪ್ಪಕ್ಕೆ ಬಂದಿರಲಿಲ್ಲ ಅನ್ನುವುದು ಅವನ ಹೆಮ್ಮೆ. ಸಂಗತಿಯನ್ನೆಲ್ಲ ಕೇಳಿ, ಎಲೆಯಡಿಕೆ ಉಗುಳಿ, ಹಾಳಿ ಮಡಚಿ ಅಂಚು ಬಿಟ್ಟ.

"ಅವ್ವ ಹೆಂಗದಾಳ?"

"ಛಲೋ ಅದಾಳ. ಸೇಂಗಾ ಹುರಿಯಾಕತ್ತಿದ್ಲು."

"ಹಾಸಿಗಿ ಹಿಡದಾಳ" ಅಂತ ಬರೆದುಕೊಂಡ ಕೆಂಚಣ್ಣ. "ಮನಿ?"

"ಆರ್‌ಸಿಸಿ."

"ಗ್ವಾಡಿ ಇವತ್ತೋ ನಾಳೆಯೋ ಬೀಳಂಗ ಐತಿ. ಅಕ್ಕತಂಗೇರು?"

"ಯಾರಿಲ್ಲ."

ಕೆಂಚಣ್ಣ ಲೇಖನಿ ಎತ್ತಿ ಒಂದು ಗಳಿಗೆ ಯೋಚಿಸಿದ. "ನಾಕು ಮಂದಿ ಸಾಕು."

ರಾಮಾಂಜಿನಿಗೆ ರಕ್ತ ತಲೆಗೇರಿತು. "ಅಣ್ಣ, ನಾ ಮೂರು ತಿಂಗಳು ದುಡದೀನಿ. ಇದು ನನ್ನ ಕೂಲಿ. ಆಕಿ ಕೊಡಬೇಕಾದ್ದು ಕೊಟ್ಟಾಳ. ಇದರಾಗ ಅಳೂದು ಏನೈತಿ? ಕೂಲಿ ಅಂತ ಬರಿ."

"ಕೂಲಿ ಅಂತ ಬರದ್ರ ಹಕ್ಕು ಕೇಳ್ದಂಗ ಆಕ್ಕೈತಿ ತಮ್ಮ." ಕೆಂಚಣ್ಣನ ದನಿಯಲ್ಲಿ ಕೋಪವಿರಲಿಲ್ಲ, ಅನುಭವವಿತ್ತು. "ಹಕ್ಕು ಕೇಳಿದ್ರ ಸಾಹೇಬ್ರಿಗೆ ಸಿಟ್ಟು ಬರ್ತೈತಿ. ಅಂಥಾ ಅರ್ಜಿ ಕಪಾಟಿನಾಗ ಕೂಡ್ತಾವ. ದಯಾ ಕೇಳಬೇಕು. ದಯಾ ಕೇಳಿದ ಅರ್ಜಿಗೆ ಕಾಲ ಇರ್ತಾವ, ತಾನs ನಡಕೊಂಡು ಹೋಗ್ತೈತಿ."

"ಆಕಿ ಸಾಹೇಬ್ರಲ್ಲ, ಟೋಪಿ ಅಂಗಡಿ ಇಟ್ಟಾಕಿ."

"ಕೊಡೋ ಕೈ ಯಾವುದಿದ್ರೂ ಸಾಹೇಬ್ರದ" ಅಂದ ಮರಿಬಸಪ್ಪ. "ಮೂವತ್ತು ವರ್ಷದ ಅನುಭವ ಐತಿ, ಸುಮ್ಕಿರು. ಈಗ ಆಕಿಗೆ ಅಲ್ಲಿ ಬೆಳಗಿನ ಜಾವ. ನಿದ್ದಿಗಣ್ಣಾಗ ಎದ್ದು ನಿನಗ ಲೆಟರ್ ಬರೀಬೇಕಂದ್ರ ಕರಳು ಚುರುಕ್ ಅನ್ನಬೇಕು."

ಆ ಮಾತು ಮಾತ್ರ ರಾಮಾಂಜಿನಿಗೆ ನಾಟಿತು. ಮಾರ್ಥಾ ಮೇಡಮ್ಮು ದೋಣಿಯವರಿಗಾಗಿ ನಸುಕಿಗೇ ಅಂಗಡಿ ತೆಗೆಯುತ್ತಾಳೆ ನಿಜ. ಎದ್ದವಳು ತಕ್ಷಣ ಬರೆಯದಿದ್ದರೆ? ಚಾ ಕುಡಿದು ಬರೆಯೋಣ ಅಂದುಕೊಂಡರೆ? ಆ ಒಂದು ಚಾದೊಳಗೆ ಇವನ ಮಿಷನ್ ರಾಯದುರ್ಗಕ್ಕೆ ಹೋಗುತ್ತದೆ. ಗಡಿಯಾರ ಒಂದೂ ಮುಕ್ಕಾಲು ಅನ್ನುತ್ತಿತ್ತು. "ಏನರ ಬರಿ ಅಣ್ಣ, ಜಲ್ದಿ ಬರಿ" ಅಂದುಬಿಟ್ಟ.

ಕೆಂಚಣ್ಣ ಬರೆದ. ಬರೆಯುವಾಗ ಅವನ ಕೆಳದುಟಿ ತಾನೇ ನಡುಗುತ್ತಿತ್ತು.

"ಕೆನಡಾ ದೇಶದ ಸನ್ಮಾನ್ಯ ಮಾರ್ಥಾ ಮೇಡಂ ಇವರ ಸನ್ನಿಧಾನಕ್ಕೆ. ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರನಾದ ನಾನು ಕಡುಬಡವನಾಗಿದ್ದು, ನನ್ನ ತಾಯಿಯು ಬಹುದಿನಗಳಿಂದ ಹಾಸಿಗೆ ಹಿಡಿದಿದ್ದು, ಮನೆಯ ಗೋಡೆಯು ಇಂದೋ ನಾಳೆಯೋ ಎಂಬಂತೆ ವಾಲಿದ್ದು, ಮದುವೆಯಾಗದ ನಾಲ್ವರು ಸಹೋದರಿಯರಿದ್ದು, ನನಗೆ ರಾತ್ರಿ ಹಗಲು ಕಂಪ್ಯೂಟರ್ ನೋಡಿ ಕಣ್ಣು ಮಂಜಾಗಿದ್ದು, ತಾವು ಕಳಿಸಿದ ಹಣವು ಬ್ಯಾಂಕಿನಲ್ಲಿ ತಡೆಹಿಡಿಯಲ್ಪಟ್ಟಿದ್ದು, ಸದರಿ ಹಣವು ಯಾವ ಬಾಬ್ತು ಎಂಬುದನ್ನು ತಾವು ತಕ್ಷಣವೇ ಸಹಿ ಮಾಡಿದ ಪತ್ರದ ಮುಖಾಂತರ ತಿಳಿಸಿದಲ್ಲಿ, ನಮ್ಮ ಆರು ಜೀವಗಳು ತಮ್ಮ ಹೆಸರು ಹೇಳಿ ಗಂಜಿ ಕುಡಿಯುವವು."

ಓದಿ ಮುಗಿಸಿದಾಗ ಮರಿಬಸಪ್ಪ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಪಕ್ಕದಲ್ಲಿ ಪಹಣಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು, "ಅಯ್ಯೋ ನನ್ನಪ್ಪ, ನಾಕು ಹೆಣ್ಣೇನು?" ಅಂತ ರಾಮಾಂಜಿನಿಯ ಗದ್ದ ಮುಟ್ಟಿ ಲಟಿಕೆ ಮುರಿದಳು. ಫೋನು ಆ ಹಾಳಿಯನ್ನು ನುಂಗಿ, ಎರಡು ಕ್ಷಣದಲ್ಲಿ ಇಂಗ್ಲಿಷ್ ಮಾಡಿ ಉಗುಳಿತು. ಅದು ಹೇಗಿತ್ತೋ ಇವನಿಗೆ ಗೊತ್ತಾಗಲಿಲ್ಲ. ಉದ್ದ ಮಾತ್ರ ಇತ್ತು. ಕಳಿಸಿದ. ಕೆಂಚಣ್ಣ ನೂರೈವತ್ತು ತೆಗೆದುಕೊಂಡು, "ಹೊರದೇಶದ್ದಕ್ಕ ಮುನ್ನೂರು ಆಗಬೇಕಿತ್ತು, ನಿನ್ನ ಪರಿಸ್ಥಿತಿ ನೋಡಿ ಬಿಟ್ಟೀನಿ" ಅಂದ. ತಾನೇ ಬರೆದ ಪರಿಸ್ಥಿತಿಯನ್ನು ತಾನೇ ನಂಬಿಬಿಟ್ಟಿದ್ದ.

ಮೊಪೆಡ್ ಬಳ್ಳಾರಿ ಕಡೆ ಓಡಿತು. ತೆಕ್ಕಲಕೋಟೆ ದಾಟುವಾಗ ಬಿಸಿಲು ನೆತ್ತಿಯ ಮೇಲೆ ಹಂಚು ಕಾಯಿಸುತ್ತಿತ್ತು. ಸಿರಿಗೇರಿ ಕ್ರಾಸಿನ ಹತ್ತಿರ ಮುನ್ನೂರು ಕುರಿ ರಸ್ತೆಯನ್ನೇ ಹೊದ್ದುಕೊಂಡು ನಿಂತಿದ್ದವು. ಮರಿಬಸಪ್ಪ ಹಾರನ್ ಹೊಡೆದಷ್ಟೂ ಅವು ಇನ್ನಷ್ಟು ಪ್ರೀತಿಯಿಂದ ಮೊಪೆಡ್ ಸುತ್ತಿಕೊಂಡವು. ಕುರಿ ದಾಟಿ ಎರಡು ಮೈಲಿಗೆ ಹಿಂದಿನ ಗಾಲಿ ಉಸಿರು ಬಿಟ್ಟಿತು.

"ನೀ ಹೋಗಲೇ, ನಾ ಗಾಡಿ ತಳ್ಳಿಕೊಂಡು ಬರ್ತೀನಿ" ಅಂದ ಮರಿಬಸಪ್ಪ, ಯುದ್ಧದಲ್ಲಿ ಬಿದ್ದ ಸೈನಿಕನ ಹಾಗೆ. ಇಡೀ ದಿನದಲ್ಲಿ ಅವನಾಡಿದ ಉಪಯೋಗದ ಮಾತು ಅದೊಂದೇ.

ಮೆಣಸಿನಕಾಯಿ ಚೀಲ ಹೇರಿಕೊಂಡು ಬರುತ್ತಿದ್ದ ಟೆಂಪೋಗೆ ರಾಮಾಂಜಿನಿ ಕೈ ಮಾಡಿದ. ಮುಂದೆ ಜಾಗವಿರಲಿಲ್ಲ. ಚೀಲಗಳ ಮೇಲೆ ಹತ್ತಿ ಕೂತ. ಘಾಟಿಗೆ ಸೀನು ಶುರುವಾಯಿತು. ಹನ್ನೆರಡನೇ ಸೀನಿಗೆ ಫೋನು ಟಿಣ್ ಅಂತು. ಮಾರ್ಥಾ ಮೇಡಮ್ಮಿನ ಹೆಸರು. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು, ಅಕ್ಷರ ಕಾಣಲಿಲ್ಲ. ಒಂದು ಪತ್ರ, ಕೆಳಗೆ ದಪ್ಪ ಸಹಿ, ಅಂಗಡಿಯ ಮುದ್ರೆ. ಅಷ್ಟು ಕಂಡಿತು. ಅದೇ ಕಣ್ಣೀರಿನಲ್ಲೇ ಅವನು ಕೊಟ್ಟೂರಪ್ಪನಿಗೆ ಫೋನು ಹಚ್ಚಿದ.

"ಕೊಟ್ಟೂರಪ್ಪಣ್ಣ, ಮಿಷನ್ ಬಿಚ್ಚಬ್ಯಾಡ. ರೊಕ್ಕ ಬಂತು."

"ಯಾಕೋ, ಅಳಾಕತ್ತೀಯೇನು?"

"ಖುಷಿಗಣ್ಣ. ಮತ್ತ ಮೆಣಸಿನಕಾಯಿಗೆ."

ಗಾಂಧಿನಗರದ ಶಾಖೆಯ ಗಾಜಿನ ಬಾಗಿಲು ತಳ್ಳಿಕೊಂಡು ಒಳನುಗ್ಗಿದಾಗ ಗೋಡೆಯ ಗಡಿಯಾರದಲ್ಲಿ ಮೂರು ಐವತ್ತೆರಡು. ಕೆಂಪು ಕಣ್ಣು, ಕೆದರಿದ ಕೂದಲು, ಮೈತುಂಬ ಮೆಣಸಿನ ಪುಡಿ. ಬೆಳಗಿನ ಬಂದೂಕಿನವನು ಈ ಸಲ ತಾನೇ ಬಾಗಿಲು ಹಿಡಿದ. ತನ್ಮಯಿ ಫೋನು ತೆಗೆದುಕೊಂಡು ಪತ್ರವನ್ನು ತನ್ನ ಕಂಪ್ಯೂಟರಿಗೆ ಕಳಿಸಿ ಓದತೊಡಗಿದಳು. ಸಿರುಗುಪ್ಪದ ಬೆರಳು ಆಗಲೇ ಹಸಿರಾಗಿ ಕೂತಿತ್ತು. ಇನ್ನು ಪಟ್ಟಿಯ ಒಂದು ಸಂಖ್ಯೆ ಹಾಕಿ ಒತ್ತಿದರೆ ಮುಗಿಯಿತು.

ತನ್ಮಯಿ ಓದುತ್ತಾ ಓದುತ್ತಾ ಕನ್ನಡಕ ತೆಗೆದಳು. ಸೆರಗಿನಿಂದ ಕಣ್ಣಿನ ಮೂಲೆ ಒತ್ತಿಕೊಂಡಳು. "ಕೂಡ್ರಿ" ಅಂದಳು. ಆ ಮೇಜಿನ ಮುಂದೆ ಯಾರಿಗೂ ಕೂಡ್ರಿ ಅಂದದ್ದನ್ನು ಶಾಖೆಯಲ್ಲಿ ಯಾರೂ ಕೇಳಿರಲಿಲ್ಲ.

"ಬೆಳಿಗ್ಗೆ ಯಾಕ ಹೇಳಲಿಲ್ಲ ನೀವು? ತಾಯಿಯವರಿಗೆ ಯಾವ ಡಾಕ್ಟರು ನೋಡ್ತಾ ಇದ್ದಾರ?"

"ಅದು ಬಿಡ್ರಿ ಮೇಡಂ. ಸಂಖ್ಯೆ ಹಾಕ್ರಿ, ನಾಕಾಗ್ತೈತಿ."

"ಅದೇ ತೊಂದರೆ ಆಗೇದ." ಆಕೆ ಪತ್ರವನ್ನು ನಿಧಾನವಾಗಿ ಕನ್ನಡದಲ್ಲಿ ಹೇಳತೊಡಗಿದಳು. "ಬ್ಯಾಂಕಿನ ಅಧಿಕಾರಿಗಳೇ, ಈ ಹುಡುಗನ ಮನೆಯ ಕಷ್ಟ ಇವತ್ತು ನನಗೆ ಗೊತ್ತಾಯಿತು. ಇಷ್ಟು ನೋವಿನಲ್ಲಿರುವವನಿಗೆ ಕೊಟ್ಟ ಹಣವನ್ನು ಕೆಲಸದ ಸಂಬಳ ಅಂತ ಕರೆಯಲು ನನಗೆ ನಾಚಿಕೆಯಾಗುತ್ತದೆ. ದಯವಿಟ್ಟು ಈ ಏಳುನೂರು ಡಾಲರನ್ನು ಅವನ ತಾಯಿಯ ಚಿಕಿತ್ಸೆಗೆ ಮತ್ತು ಮನೆಯ ಗೋಡೆಗೆ ಟೋಪಿ ಕೊಂಡ ನಮ್ಮ ಊರಿನ ಜನರ ದಾನ ಅಂತ ಬರೆದುಕೊಳ್ಳಿ."

ರಾಮಾಂಜಿನಿ ಗಡಿಯಾರದ ಕಡೆ ಕೈ ಮಾಡಿದ.

"ದಾನ ಅಂತ ಬರೀರಿ ಮತ್ತ. ನನಗೇನು?"

"ಕಳಿಸಿದವರು ಕೂಲಿ ಅಂದಿದ್ರ ಈಗಲೇ ಹಾಕತಿದ್ದೆ. ಹೊರದೇಶದ ಊರ ಮಂದಿ ಕೂಡಿ ಕೊಟ್ಟ ದಾನಕ್ಕ ದಿಲ್ಲಿಯಿಂದ ಅನುಮತಿ ಇರಬೇಕು ರೀ. ಅದಿಲ್ಲದ ನಾ ಜಮಾ ಮಾಡಿದ್ರ ನನ್ನ ನೌಕರಿ ಹೋಗ್ತದ."

"ಅದು ಕೂಲಿನೇ ಮೇಡಂ. ಕರಡಿ ನೋಡೀರಲ್ರಿ ಬೆಳಿಗ್ಗೆ. ನಮ್ಮವ್ವ ಗುಂಡುಕಲ್ಲು ಇದ್ದಂಗ ಅದಾಳ. ಈಗ ಬೇಕಾದ್ರ ಫೋನ್ ಹಚ್ಚಿ ಕೊಡ್ತೀನಿ, ನಿಮಗs ಬೈತಾಳ ಕೇಳ್ರಿ."

ಮೇಡಮ್ಮು ಪತ್ರದ ಕೆಳಗೆ ಲಗತ್ತಿಸಿ ಕಳಿಸಿದ್ದ ಕೆಂಚಣ್ಣನ ಅರ್ಜಿಯ ಕಡೆ ತನ್ಮಯಿ ಬೆರಳು ಮಾಡಿದಳು. "ಹಾಂಗಾದ್ರ ಇದು?"

"ಅದು... ಅದು ಅರ್ಜಿರಿ. ಅರ್ಜಿ ಹಂಗs ಬರೀತಾರಲ್ರಿ."

"ಅಂದ್ರ ಸುಳ್ಳು ಹೇಳಿ ಹೊರದೇಶದಿಂದ ಹಣ ತರಿಸಿದ್ರಿ ಅಂತ ನಾ ಬರಕೋಬೇಕಾಗ್ತದ. ಆಗ ವಾಪಸು ಕಳಿಸೂದಷ್ಟೇ ಅಲ್ಲ, ಪೊಲೀಸರಿಗೂ ತಿಳಿಸಬೇಕು." ಆಕೆಗೆ ನಿಜವಾಗಿ ಸಂಕಟವಾಗುತ್ತಿತ್ತು. "ತಾಯಿಯವರಿಗೆ ಆರಾಮಿಲ್ಲಂದ್ರ ದಾನ. ಆರಾಮದಾರ ಅಂದ್ರ ಮೋಸ. ಯಾವುದು ಬರೀಲಿ, ನೀವs ಹೇಳ್ರಿ."

ಸಾಲಿನಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಗಡಿಯಾರ ಮೂರು ಐವತ್ತೊಂಬತ್ತು ತೋರಿಸುತ್ತಿತ್ತು. ರಾಮಾಂಜಿನಿ ಮೇಜಿನ ಮೇಲಿದ್ದ ತನ್ನ ಫೋನು ಎತ್ತಿ ಜೇಬಿಗಿಟ್ಟ.

"ಅವ್ವಗ ಆರಾಮಿಲ್ರಿ" ಅಂದ.

ತನ್ಮಯಿ ಒಂದು ಗುಂಡಿ ಒತ್ತಿದಳು. ಏಳುನೂರು ಡಾಲರು ಕೆನಡಾದ ಕಡೆ ಹೊರಟವು.

ಅವನು ಬಾಗಿಲ ತನಕ ಹೋಗಿರಲಿಲ್ಲ, ಜವಾನನೊಬ್ಬ ಓಡಿ ಬಂದು, "ಮ್ಯಾನೇಜರ್ ಸಾಹೇಬ್ರು ಕರೀತಾರ" ಅಂದ. ರಾಮಾಂಜಿನಿ ಗಕ್ಕನೆ ತಿರುಗಿದ. ಯಾವುದೋ ದಾರಿ ಇರಬೇಕು. ದೊಡ್ಡವರ ಹತ್ತಿರ ದಾರಿ ಇದ್ದೇ ಇರುತ್ತದೆ. ಮ್ಯಾನೇಜರ್ ಅಕ್ಷೋಭ್ಯ ಅವನನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಪರದೆಯನ್ನೂ ಎಳೆದ.

"ಆ ಅರ್ಜಿ ನಾನೂ ಓದಿದೆ. ಯಾರು ಬರದದ್ದು?"

"ತಪ್ಪಾತ್ರಿ ಸರ್. ಸಿರುಗುಪ್ಪದ ಕೆಂಚಣ್ಣ ಅಂತ. ಅವಗೇನೂ ಮಾಡಬ್ಯಾಡ್ರಿ, ವಯಸ್ಸಾಗೈತಿ."

"ಏ, ಮಾಡೂದೇನು?" ಮ್ಯಾನೇಜರು ದನಿ ತಗ್ಗಿಸಿದ. "ಮೂರು ವರ್ಷದಿಂದ ರಾಯಚೂರಿಗೆ ವರ್ಗ ಕೇಳಾಕತ್ತೀನಪ್ಪ. ಐದು ಅರ್ಜಿ ಹಾಕೀನಿ, ಐದೂ ವಾಪಸು. ಅವನ ನಂಬರ್ ಇದ್ರ ಕೊಡು."

ರಾಮಾಂಜಿನಿ ನಂಬರ್ ಕೊಟ್ಟು ಹೊರಗೆ ಬಂದ. ಬ್ಯಾಂಕಿನ ಎದುರಿಗೆ ಒಬ್ಬ ಹೆಂಗಸು ಬಂಡಿಯ ಮೇಲೆ ಮಿರ್ಚಿ ಕರಿಯುತ್ತಿದ್ದಳು. ಬೆಳಗಿನ ಒಗ್ಗಾಣಿ ಬಿಟ್ಟ ಹೊಟ್ಟೆ ಆಗ ಮಾತಾಡಿತು. ಒಂದು ಪ್ಲೇಟ್ ಹೇಳಿ, ಬಂಡಿಗೆ ಒರಗಿ, ಕೊಟ್ಟೂರಪ್ಪನಿಗೆ ಫೋನು ಮಾಡಿ ಲಾರಿ ಕರೆಸಿಕೋ ಅಂದ. "ಬಂದs ನಿಂತೈತಿ" ಅಂದ ಕೊಟ್ಟೂರಪ್ಪ. ಹಿಂದೆ ಮಿಷನ್ ಎತ್ತುವವರ ಐಸಾ ಐಸಾ ಕೇಳುತ್ತಿತ್ತು.

ಹೋಗಲಿ, ಮೇಡಮ್ಮು ಇನ್ನೂ ಇದ್ದಾಳಲ್ಲ. ಇವತ್ತೇ ಆಕೆಗೆ ನಿಜ ಹೇಳಿ, ಇನ್ನೊಂದು ನಲವತ್ತು ಕರಡಿ ಮಾಡಿದರೆ ಇಂಥದೇ ಇನ್ನೊಂದು ಮಿಷನ್ನಿಗೆ ಮುಂಗಡ ಕೊಡಬಹುದು. ಅಂದುಕೊಂಡದ್ದೇ ತಡ, ಫೋನು ಟಿಣ್ ಅಂತು. ಮಾರ್ಥಾ ಮೇಡಮ್ಮಿನದೇ. ಈ ಸಲ ಅವನು ಮೋಸ ಹೋಗಲಿಲ್ಲ. ಕನ್ನಡ ಮಾಡಿ ಗಟ್ಟಿಯಾಗಿ ಓದು ಅಂತ ಫೋನಿಗೇ ಹೇಳಿದ. ಫೋನಿನೊಳಗಿನ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೆಸರು ಕೂಗುವ ದನಿಯಲ್ಲಿ ಓದಿದಳು.

"ಪ್ರಿಯ ಹುಡುಗನೇ. ನಿನ್ನ ಮಂಜಾದ ಕಣ್ಣುಗಳಿಗೆ ನಾನು ಕೆಲಸ ಕೊಟ್ಟೆನೆಂದು ಅಳುತ್ತಿದ್ದೇನೆ. ನನ್ನನ್ನು ಕ್ಷಮಿಸು. ಇನ್ನು ಮುಂದೆ ನಿನಗೆ ಎಂದಿಗೂ ಕರಡಿ ಕಳಿಸುವುದಿಲ್ಲ. ನಿನ್ನ ಎಲ್ಲಾ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ನೀನು ಲ್ಯಾಪ್‌ಟಾಪ್ ಮುಟ್ಟಬೇಡ. ತಾಯಿಯ ಹಾಸಿಗೆಯ ಪಕ್ಕದಲ್ಲಿ ಇರು."

ಬಂಡಿಯ ಸುತ್ತ ನಿಂತಿದ್ದವರು ತಿನ್ನುವುದು ನಿಲ್ಲಿಸಿದ್ದರು. ರಾಮಾಂಜಿನಿ ಜೇಬಿನಿಂದ ನಲವತ್ತು ರೂಪಾಯಿ ತೆಗೆದು ಚಾಚಿದ. ಮಿರ್ಚಿ ಹೆಂಗಸು ಅವನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಬಿಸಿ ಬಿಸಿ ಇನ್ನೆರಡು ಮಿರ್ಚಿ ಅವನ ತಟ್ಟೆಗೆ ಹಾಕಿದಳು.

"ರೊಕ್ಕ ಬ್ಯಾಡ, ತಿನ್ನು ನನ್ನಪ್ಪ. ಮನಿಗೆ ಕಟ್ಟಿಸಿಕೊಂಡು ಹೋಗಬ್ಯಾಡ ಮತ್ತ, ಅವ್ವಗ ಎಣ್ಣಿ ಪದಾರ್ಥ ಆಗಂಗಿಲ್ಲ."